ಬಸವನಗುಡಿಗೆ ಹೊತ್ತೊಯ್ದ ಭೂಕುಸಿತ

ಮಲ್ಲೇಶ್ವರದಿಂದ ಬಸವನಗುಡಿಗೆ ಏಳೆಂಟು ಕಿಲೋಮೀಟರ್. ಮೆಟ್ರೋದಲ್ಲಾದರೆ ಅದೊಂದು ಪ್ರಯಾಣವೇ ಅಲ್ಲ. ಆದರೆ ನನ್ನ ಜೊತೆ ಕಂಪ್ಯೂಟರ್ ಇತ್ತು. ಲ್ಯಾಪ್‌ಟಾಪ್ ಅಲ್ಲ, ಎರಡೂ ಕೈಯಲ್ಲಿ ತಬ್ಬಿ ಹೊರಬೇಕಾದ ಕಬ್ಬಿಣದ ಪೆಟ್ಟಿಗೆ. ಹಲವು ಆಟೋದವರು ಅದನ್ನು ನೋಡಿಯೇ ತಲೆ ಅಲ್ಲಾಡಿಸಿದರು. ಕೊನೆಗೊಬ್ಬ ಮೀಟರ್ ಮೇಲೆ ಐವತ್ತು ಕೇಳಿ ಹತ್ತಿಸಿಕೊಂಡ.

ಮಣ್ಣು ಕುಸಿಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕಸುಬು. ಬಸವನಗುಡಿಯ ಗೆಳತಿ ವಾಣಿಯ ಪಕ್ಕದ ನಿವೇಶನದಲ್ಲಿ ಪುಟ್ಟಸ್ವಾಮಿ ಎಂಬವರು ನೆಲಮಾಳಿಗೆಗೆಂದು ಆಳವಾದ ಗುಂಡಿ ತೋಡಿಸಿದ್ದರು. ಅದರ ಬದಿ ಆಸರೆಯಿಲ್ಲದೆ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಬುಡದಲ್ಲೇ ಕೂಲಿಯವರು ಮಲಗುವ ತಗಡಿನ ಶೆಡ್. ಮೇಲೆ ಬಿರುಕು ಬಿಟ್ಟಿದೆ ಎಂದು ವಾಣಿ ಹೆದರಿ ಫೋನ್ ಮಾಡಿದ್ದಳು. ಅಲ್ಲಿನ ಮಣ್ಣು ತರಿಸಿ ಪರೀಕ್ಷಿಸಿದೆ. ಆ ಬದಿಯನ್ನು ಲಕ್ಷಾಂತರ ಕಾಳುಗಳ ರಾಶಿಯಾಗಿ ಪರದೆಯಲ್ಲಿ ಕಟ್ಟಿ, ಮಳೆನೀರು ಇಳಿಸಿ ನೋಡಿದೆ. ರಾಶಿ ಜಾರಿ ಶೆಡ್ಡನ್ನು ನುಂಗಿತು. ವಿಡಿಯೋ ಕಳಿಸಿದರೆ ಪುಟ್ಟಸ್ವಾಮಿ ಹೇಳಿದರು: "ವಿಡಿಯೋ ಯಾರ್ ಬೇಕಾದ್ರೂ ಮಾಡ್ತಾರೆ ಮೇಡಂ. ನನ್ ಕಣ್ಮುಂದೆ ಓಡ್ಸಿ, ನೋಡೋಣ."

ಆದ್ದರಿಂದಲೇ ಈ ಪೆಟ್ಟಿಗೆ, ಈ ಆಟೋ.

"ಏನ್ ಮೇಡಂ ಅದು, ಟೀವಿನಾ?" ಎಂದ ಚಾಲಕ. ವಿವರಿಸಿದೆ. "ಮಳೆ ಬಂದ್ರೆ ಮಣ್ಣು ಕುಸಿಯುತ್ತೆ. ಅದಕ್ಕೂ ಕಂಪ್ಯೂಟರ್ ಬೇಕಾ?" ಎಂದ. ಎಷ್ಟು ದೂರ ಹರಿಯುತ್ತೆ ಅಂತ ತಿಳಿಯೋಕೆ ಬೇಕು ಎಂದೆ. ಅಷ್ಟರಲ್ಲಿ ಅವನಿಗೆ ಯಾರದೋ ಫೋನ್ ಬಂತು.

ಮುಖ್ಯರಸ್ತೆ ಅಗೆದಿದ್ದರಿಂದ ತರಗುಪೇಟೆಯ ಒಳಗೆ ನುಗ್ಗಿ, ಬೇಳೆಕಾಳು ಇಳಿಸುತ್ತಿದ್ದ ಲಾರಿಯ ಹಿಂದೆ ಸಿಕ್ಕಿಕೊಂಡೆವು. ಒಂದು ಮೂಟೆ ಹರಿದು ಕಡಲೆ ರಸ್ತೆಗೆ ಸುರಿಯಿತು. ಬೇರೆ ದಿನವಾಗಿದ್ದರೆ ಇಳಿದು ಕಾಳಿನ ರಾಶಿ ಎಷ್ಟು ಓರೆಯಲ್ಲಿ ಜಾರದೆ ನಿಲ್ಲುತ್ತದೆಂದು ನೋಡುತ್ತಿದ್ದೆ. ಅಂದು ಹಾರ್ನ್‌ಗಳ ನಡುವೆ ಕುದಿಯುತ್ತಾ ಕುಳಿತೆ. ಚಾಮರಾಜಪೇಟೆ ದಾಟುವಾಗ ಮೋಡ ಕವಿದಿತ್ತು.

ವಾಣಿಯ ಜಗಲಿಯಲ್ಲಿ ಪೆಟ್ಟಿಗೆ ಜೋಡಿಸಿ ಓಡಿಸಿದೆ. ಕಾಳುಗಳು ಒಂದನ್ನೊಂದು ತಳ್ಳುತ್ತಾ ನಿಧಾನವಾಗಿ ಕದಲತೊಡಗಿದವು. ಪುಟ್ಟಸ್ವಾಮಿ ಅರೆಗಳಿಗೆ ನೋಡಿ ಮೊಬೈಲ್ ತೆಗೆದರು. "ನನ್ ಮೊಮ್ಮಗನೂ ಇಂಥದೇ ಗೇಮ್ ಆಡ್ತಾನೆ."

"ಸಾರ್, ಗುಂಡಿಗೆ ಆಸರೆ ಆಮೇಲೆ ಕೊಡ್ಸಿ. ಇವತ್ತು ಆ ಶೆಡ್ಡಿಂದ ಜನಾನ ಎಬ್ಬಿಸಿ."

"ಗಟ್ಟಿ ಮಣ್ಣು ಮೇಡಂ. ಸುಮ್ನೆ ಹೆದರ್‍ಸ್ಬೇಡಿ."

ಕಾಂಪೌಂಡಿನಾಚೆ ಮಗುವನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದ ಹೆಂಗಸು ಕಂಡಳು. ಹನುಮವ್ವ, ಯಾದಗಿರಿ ಕಡೆಯ ಕೂಲಿಯವಳು. ಅವಳನ್ನೇ ಕರೆದು ಮತ್ತೆ ಓಡಿಸಿದೆ. ಅವಳು ಕಣ್ಣು ಕೀಳದೆ ಕೊನೆಯವರೆಗೆ ನೋಡಿದಳು.

"ಇದು ನಮ್ಮ ಶೆಡ್ ಏನ್ರಿ?"

"ಹೌದಮ್ಮ. ಹೀಗೇ ಆಗುತ್ತೆ ಅಂತ ಆಣೆ ಮಾಡಲಾರೆ. ಆದರೆ ಆಗಬಹುದು."

"ಸುಳ್ಳಾದ್ರ ಭಾಳ ಚಲೋ ಆತ್ರಿ. ಮ್ಯಾಲೆ ಆ ಕಡೆ ಕಾಂಪೌಂಡ್ ಗ್ವಾಡಿ ಹತ್ರ ಹೋಗ್ತೀವಿ."

ಪುಟ್ಟಸ್ವಾಮಿ ರೇಗಿದರು. ಅವಳು ಹೋಗಿ ಪಾತ್ರೆ, ಕೌದಿ ಹೊರಗೆ ತಂದಳು. ಉಳಿದವರೂ ಹಿಂಬಾಲಿಸಿದರು.

ಹಿಂದಿರುಗುವಾಗ ವಿಶ್ವೇಶ್ವರಪುರಂ ಮುಟ್ಟುವಷ್ಟರಲ್ಲಿ ಮಳೆ ಧಾರಾಕಾರ. ಆಟೋದವನು ಇನ್ನು ಹೋಗಲ್ಲ ಎಂದು ನನ್ನನ್ನೂ ಪೆಟ್ಟಿಗೆಯನ್ನೂ ಇಳಿಸಿದ. ತಿಂಡಿ ಅಂಗಡಿಯ ಟಾರ್ಪಾಲಿನಡಿ ಅಕ್ಕಿರೊಟ್ಟಿ ಆರಿಹೋಗುತ್ತಿರಲು ವಾಣಿಯ ಫೋನ್ ಬಂತು. "ಕುಸಿದ್ಬಿಡ್ತು ಕಣೇ. ಎಲ್ಲರೂ ಆಚೆ ಕಡೆ ಇದಾರೆ. ಎಣಿಸ್ದೆ."

ಬೆನ್ನಿಗೇ ಪುಟ್ಟಸ್ವಾಮಿಯ ಫೋನ್. "ನಿಮ್ ಕಂಪ್ಯೂಟರ್ ಸರಿಯಿಲ್ಲ ಮೇಡಂ. ಪೂರ್ತಿ ಶೆಡ್ ಹೋಗುತ್ತೆ ಅಂದ್ರಿ. ಅರ್ಧ ಮಾತ್ರ ಹೋಗಿದೆ."

"ಆ ಅರ್ಧದಲ್ಲಿ ಯಾರ್ ಮಲಗ್ತಿದ್ರು ಸಾರ್?"

ಅವರ ದನಿ ತಗ್ಗಿತು. "ಉಳಿದ ಬದಿನೂ ಒಂದ್ಸಲ ಓಡ್ಸಿ ತೋರಿಸ್ತೀರಾ?"

"ತೋರಿಸ್ತೀನಿ. ಈ ಸಲ ಮಲ್ಲೇಶ್ವರಕ್ಕೆ ನೀವೇ ಬನ್ನಿ," ಎಂದೆ. "ಆಟೋದಲ್ಲೇ ಬನ್ನಿ."