ಶತ್ರುಪಕ್ಷದ ಹಲ್ಲು

ನಾನು ಯಾರ ಮನೆಗೆ ಹೋದರೂ ನನಗಿಂತ ಒಂದು ಗಳಿಗೆ ಮೊದಲೇ ನನ್ನ ಹಲ್ಲು ಒಳಗೆ ಹೋಗಿರುತ್ತದೆ. ಹಾಲುಹಲ್ಲು ಬಿದ್ದು ಹೊಸವು ಬಂದಾಗಿನಿಂದ ಇದೇ ಕಥೆ. ಶಾಲೆಯಲ್ಲಿ ನನ್ನ ಹೆಸರನ್ನು ಹಾಜರಿ ಕೂಗುವಾಗ ಮಾತ್ರ ಬಳಸುತ್ತಿದ್ದರು. ಮೈದಾನದಲ್ಲಿ ನಾನು ‘ಹಲ್ಲುಬ್ಬ’. ಕಷ್ಟ ಬಂದರೆ ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕು ಎಂದು ಹಿರಿಯರು ಬುದ್ಧಿ ಹೇಳುತ್ತಿದ್ದರು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಮಾತುಕತೆಯೇ ಇಲ್ಲದವನು ಏನನ್ನು ಕಚ್ಚಿಯಾನು? ಆದ್ದರಿಂದ ನನ್ನ ಪಾಲಿನ ಕಷ್ಟಗಳನ್ನೆಲ್ಲ ನಾನು ಬಾಯಿ ಬಿಟ್ಟುಕೊಂಡೇ ಸಹಿಸಿದ್ದೇನೆ.

ಇಷ್ಟು ವರ್ಷ ಮೆರೆದ ಆ ಹಲ್ಲುಗಳು ಈಚೆಗೆ ಅಲುಗಾಡತೊಡಗಿದವು. ಲಕ್ಷ್ಮೀಪುರಂನ ದಂತವೈದ್ಯೆ, ವಯಸ್ಸಿನಲ್ಲಿ ನನ್ನ ಮೊಮ್ಮಗಳಂತಿರುವ ಹುಡುಗಿ, ಮೇಲಿನ ಸಾಲನ್ನು ಪೂರ್ತಿ ತೆಗೆದು ಸೆಟ್ಟು ಕಟ್ಟಬೇಕು ಎಂದಳು. ಆಮೇಲೆ ಒಂದು ಡಬ್ಬಿ ತೆರೆದು ಮಾದರಿಗಳನ್ನು ತೋರಿಸಿದಳು. ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತ ಬೆಳ್ಳನೆಯ ಹಲ್ಲುಗಳು. “ಹೊಸ ಸೆಟ್ಟನ್ನ ಹೇಗೆ ಬೇಕಾದ್ರೂ ಕೂರಿಸ್ಬೋದು ಸಾರ್. ನೆಟ್ಟಗೆ ಮಾಡ್ಬುಡೋಣ್ವಾ? ಯೋಚನೆ ಮಾಡಿ ಸೋಮವಾರ ಹೇಳಿ.”

ಯೋಚನೆ ಮಾಡುವುದಕ್ಕೇನಿದೆ? ಹುಡುಗನಾಗಿದ್ದಾಗ ದೇವರ ಮುಂದೆ ನಿಂತು ಕೇಳಿಕೊಂಡದ್ದು ಇದೊಂದನ್ನೇ. ದೇವರು ತಡ ಮಾಡಿದರೂ ಈ ಹುಡುಗಿಯ ಕೈಯಲ್ಲಿ ಕಳಿಸಿದ್ದಾನೆ. ಮನೆಗೆ ಬಂದು ನನ್ನ ಹೆಂಡತಿ ಸರೋಜಳಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. “ನಿಮ್ಮ ಹಲ್ಲು, ನಿಮ್ಮಿಷ್ಟ” ಎಂದು ಸುಲಿಯುವುದನ್ನು ಮುಂದುವರಿಸಿದಳು.

ಸೋಮವಾರಕ್ಕೆ ಮುಂಚೆ ಒಂದು ಭಾನುವಾರ ಬರುತ್ತದೆಯಲ್ಲ, ತೊಂದರೆ ಬಂದದ್ದು ಅಲ್ಲಿ. ಜಯಲಕ್ಷ್ಮಿಪುರಂನಲ್ಲಿ ನನ್ನ ಗೆಳೆಯ ಶಿವಬಸಪ್ಪನ ಮನೆಯಿದೆ. ಬಟ್ಟೆ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಅವನಿಗೆ ಹಳೆಯ ಚಲನಚಿತ್ರಗಳ ಹುಚ್ಚು ಹಿಡಿದಿದೆ. ಭಾನುವಾರ ಸಂಜೆ ಹಜಾರದ ಗೋಡೆಯ ಮೇಲೆ ಒಂದು ಚಿತ್ರ ತೋರಿಸುತ್ತಾನೆ. ಆಮೇಲೆ ಕಾಫಿ, ಕೋಡುಬಳೆ. ಕೋಡುಬಳೆ ಬಾಯಲ್ಲಿರುವವರ ಎದುರು ಯಾರಾದರೊಬ್ಬರು ಚಿತ್ರದ ಗುಣದೋಷಗಳನ್ನು ವಿವರಿಸಬೇಕು. ಈ ಸಲ ಸರದಿ ನನ್ನದು. “ಮೇಷ್ಟ್ರೇ, ಪುಟ್ಟ ಕಾರ್ಟೂನು ಕಣ್ರೀ. ಎರಡನೇ ಮಹಾಯುದ್ಧದ ಕಾಲದ್ದು. ಗುಣ ಎಷ್ಟು, ದೋಷ ಎಷ್ಟು ಹೇಳ್ಬುಡಿ, ಸಾಕು” ಎಂದ.

ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನಿಗೆ ಇದೇನು ಮಹಾ ಕೆಲಸ? ನಮ್ಮ ಲಾಕ್ಷಣಿಕರು ಕಾವ್ಯಕ್ಕೆ ಗುಣಗಳನ್ನೂ ದೋಷಗಳನ್ನೂ ಬೇರೆ ಬೇರೆ ಅಧ್ಯಾಯ ಮಾಡಿ ಇಟ್ಟು ಹೋಗಿದ್ದಾರೆ. ಜಾತಕ ನೋಡುವವರೂ ಹಾಗೆಯೇ ಮಾಡುತ್ತಾರೆ. ಎರಡೂ ಕಡೆ ಫಲ ಮಾತ್ರ ಯಾರ ಕೈಯಲ್ಲೂ ಇರುವುದಿಲ್ಲ.

ದೀಪ ಆರಿತು. ಗೋಡೆಯ ಮೇಲೆ ಸಿಪಾಯಿ ಟೋಪಿ ಹಾಕಿದ ಒಂದು ಹುಂಜ ಬಂತು. ಎಂಥ ಹುಂಜ ಅಂತೀರಿ! ಜಂಬದಲ್ಲಿ ಒಂದು ನಡಿಗೆ, ಭಯದಲ್ಲಿ ಒಂದು ನಡಿಗೆ, ಕೋಳಿ ನೋಡುತ್ತಿದ್ದಾಳೆಂದು ಗೊತ್ತಾದಾಗ ಮತ್ತೊಂದು ನಡಿಗೆ. ಒಂದೊಂದು ಹೆಜ್ಜೆಗೂ ತಕ್ಕ ತಾಳ. ಬರೆದ ಪುಣ್ಯಾತ್ಮ ಹುಂಜಗಳ ಜೊತೆಯಲ್ಲೇ ಸಂಸಾರ ಮಾಡಿರಬೇಕು. ನಾನು ಗುಣದ ಪಟ್ಟಿಯನ್ನು ಮನಸ್ಸಿನಲ್ಲೇ ಬೆಳೆಸುತ್ತ ಕೂತಿದ್ದೆ. ಅಷ್ಟರಲ್ಲಿ ಶತ್ರು ಸೈನ್ಯ ಬಂತು.

ಶತ್ರುಗಳು ಹೆಗ್ಗಣಗಳು. ಸಮವಸ್ತ್ರ, ದುಂಡು ಕನ್ನಡಕ, ಕನ್ನಡಕದ ಕೆಳಗೆ ಮೂತಿಯಿಂದ ಗೇಣುದ್ದ ಹೊರಗೆ ಬಂದ ಹಲ್ಲು. ಎದುರಾಳಿ ದೇಶದ ಜನರನ್ನು ಹಾಗೆ ಚಿತ್ರಿಸುವುದು ಆಗಿನ ರೂಢಿಯಂತೆ. ನಾನೂ ದುಂಡು ಕನ್ನಡಕದವನೇ. ಸಭೆಯಲ್ಲಿದ್ದವರೆಲ್ಲ ಒಮ್ಮೆಲೇ ನನ್ನ ಕಡೆ ನೋಡದಿರಲು ಪ್ರಯತ್ನಿಸುತ್ತಿರುವುದು ಕತ್ತಲಲ್ಲೂ ತಿಳಿಯಿತು. ಹೆಗ್ಗಣಗಳ ನಾಯಕ ಕೋಳಿಗೂಡಿನ ಹಲಗೆಗೆ ಬಾಯಿ ಹಾಕಿದ, ಹಲ್ಲು ಅಲ್ಲೇ ಸಿಕ್ಕಿಕೊಂಡಿತು. ಹುಂಜ ನಿಧಾನವಾಗಿ ಬಂದು, ಪಕ್ಕದಲ್ಲಿ ಕೂತು, ಆ ಹಲ್ಲುಗಳನ್ನೇ ಹಾರ್ಮೋನಿಯಂ ಮಾಡಿ ನುಡಿಸಿತು. ಇಡೀ ಹಜಾರದಲ್ಲಿ ಒಬ್ಬನೇ ಒಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಾನು. ಪಕ್ಕದಲ್ಲಿದ್ದ ಸರೋಜ ನನ್ನ ತೊಡೆ ಚಿವುಟಿದಳು.

ದೀಪ ಹತ್ತಿತು. ಶಿವಬಸಪ್ಪನ ಮುಖ ಸಪ್ಪಗಾಗಿತ್ತು. “ಮೊದಲೇ ನೋಡ್ಬೇಕಿತ್ತು ಮೇಷ್ಟ್ರೇ. ಹುಂಜ ಚೆನ್ನಾಗಿದೆ ಅಂತ ಹಾಕ್ಬುಟ್ಟೆ” ಎಂದು ಪಿಸುಗುಟ್ಟಿದ. ನನಗೆ ಪೀಕಲಾಟಕ್ಕಿಟ್ಟುಕೊಂಡಿತು. ಹೆಗ್ಗಣಗಳ ಚಿತ್ರಣ ದೋಷ ಎಂದರೆ, ಪಾಪ, ಮೇಷ್ಟ್ರು ತಮ್ಮ ಹಲ್ಲಿಗಾಗಿ ವಕಾಲತ್ತು ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ದೋಷವಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಲಾಗಿ ಹೊಟ್ಟೆ ಹಿಡಿದುಕೊಂಡು ನಕ್ಕವನೂ ನಾನೊಬ್ಬನೇ.

ಎದ್ದು ನಿಂತೆ. ಮೊದಲು ಹುಂಜವನ್ನು ಮನಸಾರೆ ಹೊಗಳಿದೆ. ಹಾರ್ಮೋನಿಯಂ ನುಡಿಸಿದ್ದು ತುಂಬ ಚೆನ್ನಾಗಿತ್ತು, ಅದಕ್ಕೆ ನಕ್ಕಿದ್ದಕ್ಕೆ ನನಗೆ ನಾಚಿಕೆಯಿಲ್ಲ ಎಂದೆ. ಆಮೇಲೆ ತಾನಾಗಿ ಬಾಯಿಗೆ ಬಂದದ್ದು ಇಷ್ಟು: “ಹಲ್ಲು ಉದ್ದ ಬರೆದದ್ದು ದೋಷವಲ್ಲ. ಎಲ್ಲ ಹೆಗ್ಗಣಕ್ಕೂ ಅದೇ ಹಲ್ಲು ಬರೆದದ್ದು ದೋಷ. ಈ ವಿಷಯದಲ್ಲಿ ನನಗೆ ಅನುಭವವಿದೆ. ನಮ್ಮ ತಂದೆಯ ಹಲ್ಲು ಸೂರಿನ ಹಾಗೆ ಇಳಿಜಾರು. ಸೋದರತ್ತೆಯದು ಒಂದೇ ಹಲ್ಲು ಮುಂದೆ, ಉಳಿದವು ಸಂಕೋಚದಿಂದ ಹಿಂದೆ. ನನ್ನದು ನೀವೇ ನೋಡುತ್ತಿದ್ದೀರಿ. ಹುಂಜಕ್ಕೆ ಅಷ್ಟು ನಡಿಗೆ ಕೊಟ್ಟ ಕೈ, ಹೆಗ್ಗಣಗಳನ್ನು ಒಂದೇ ಅಚ್ಚಿನಲ್ಲಿ ಒತ್ತಿ ಮುಗಿಸಿದೆ. ಅವಕ್ಕೆ ಒಂದು ಹೆಸರೂ ಇಲ್ಲ. ನಮ್ಮೂರಿನಲ್ಲಿ ನೋಡಿ. ಬೆಟ್ಟದ ಮೇಲೆ ದೇವಿಯ ಶತ್ರು ಕತ್ತಿ ಹಿಡಿದು, ಹಾವು ಹಿಡಿದು, ಮೀಸೆ ತಿರುವಿಕೊಂಡು ನಿಂತಿದ್ದಾನೆ. ಮಕ್ಕಳನ್ನು ಅವನ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಸಾಲದ್ದಕ್ಕೆ ಊರಿಗೇ ಅವನ ಹೆಸರಿಟ್ಟುಕೊಂಡಿದ್ದೇವೆ. ಅವನಂಥವನು ಇನ್ನೊಬ್ಬನಿಲ್ಲ, ಅದಕ್ಕೇ ಅವನ ಮೇಲೆ ನಮಗೆ ಒಂದು ಬಗೆಯ ಪ್ರೀತಿ.”

ಚಪ್ಪಾಳೆ ಬಿತ್ತು. ಶಿವಬಸಪ್ಪ ನನ್ನ ತಟ್ಟೆಗೆ ಎರಡು ಕೋಡುಬಳೆ ಹೆಚ್ಚಿಗೆ ಹಾಕಿದ. ನಾನು ಅವನ್ನು ಕಾಫಿಯಲ್ಲಿ ನೆನೆಸಿ ತಿಂದೆ.

ಸೋಮವಾರ ಸರೋಜಳ ಜೊತೆ ವೈದ್ಯೆಯ ಬಳಿ ಹೋದೆ. ನೆಟ್ಟಗಿನ ಸೆಟ್ಟೇ ಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಭಾಷಣ ಮಾಡುವುದು ಬೇರೆ, ಬಾಯಲ್ಲಿ ಹೊತ್ತು ತಿರುಗುವುದು ಬೇರೆ. ಅವಳು ಆ ಡಬ್ಬಿಯನ್ನು ಮತ್ತೆ ತೆರೆದಳು. ಅದೇ ಬೆಳ್ಳನೆಯ ಹಲ್ಲುಗಳು, ಒಂದೇ ಅಚ್ಚು. ನನ್ನ ನಿನ್ನೆಯ ಮಾತು ನನ್ನ ಮುಂದೆಯೇ ಸಾಲಾಗಿ ನಿಂತಿತ್ತು. ನಾನು ಕನ್ನಡಕ ತೆಗೆದು ಒರೆಸತೊಡಗಿದಾಗ ಅವಳು ಸರೋಜಳ ಕಡೆ ತಿರುಗಿ, “ಆಂಟಿ, ನೀವೇನಂತೀರಾ?” ಎಂದಳು.

ಸರೋಜ ಈಗ ಬಾಯಿ ಬಿಟ್ಟಳು. “ಹೆಣ್ಣು ನೋಡೋಕೆ ಬಂದಾಗ ಇವರು ಕೂತಲ್ಲಿಂದ ಎದ್ದು ಹೋಗೋ ತನಕ ನಗ್ತಾನೇ ಇದ್ರು ಕಣಮ್ಮ. ಎಷ್ಟು ನಗುಮುಖದ ಮನುಷ್ಯ ಅಂತ ಒಪ್ಕೊಂಡ್ಬುಟ್ಟೆ. ನಗ್ತಿರ್ಲಿಲ್ಲ, ಹಲ್ಲಿರೋದೇ ಹಂಗೆ ಅಂತ ಗೊತ್ತಾಗಿದ್ದು ಮದುವೆ ಆದ್ಮೇಲೆ. ಅಷ್ಟೊತ್ತಿಗೆ ನಂಗೆ ಆ ಮುಖ ಅಭ್ಯಾಸ ಆಗೋಗಿತ್ತು. ಈಗ ನೆಟ್ಟಗೆ ಮಾಡ್ಬುಟ್ರೆ ಮನೇಲಿ ಯಾವಾಗ್ಲೂ ಮುಖ ಗಂಟು ಹಾಕ್ಕೊಂಡಿರೋ ಯಾರೋ ಓಡಾಡ್ದಂಗೆ ಇರಲ್ವಾ? ನಂಗೆ ಬೇಡಮ್ಮ. ಸ್ವಲ್ಪ ಮುಂದಕ್ಕೇ ಇರ್ಲಿ.”

ವೈದ್ಯೆ ನಗು ತಡೆದುಕೊಂಡು ನನ್ನ ಕಡೆ ನೋಡಿದಳು. ಗುಣವೋ ದೋಷವೋ, ತೀರ್ಪು ಆಗಿಹೋಗಿತ್ತು. ಮುಂದಕ್ಕೇ ಇರಲಿ ಎಂದು ನಾನೂ ತಲೆಯಾಡಿಸಿದೆ.

ಸರೋಜಳ ಮಾತಿನಲ್ಲಿ ಒಂದು ಚಿಕ್ಕ ತಪ್ಪಿದೆ, ಅದನ್ನು ನಾನಿನ್ನೂ ತಿದ್ದಿಲ್ಲ. ಆ ದಿನ ಅವಳು ಕಾಫಿ ತಟ್ಟೆ ಹಿಡಿದು ಒಳಗಿನಿಂದ ಬಂದ ಮೇಲೆ, ನಾನು ನಿಜವಾಗಿಯೂ ನಗುತ್ತಿದ್ದೆ.