ಓಜೆಲ್ಲಾ ಮತ್ತು ಅಳುವವರ ಬೆಂಚು

ಓಜೆಲ್ಲಾ ಪ್ರುಯಿಟ್ ಜಂಬದವಳು ಎಂದು ನಮ್ಮ ಬೀದಿಯಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಲಿ ಬಿಡಿ. ಜಂಬಪಡಲು ಅವಳಿಗೆ ಕಾರಣವಿತ್ತು, ಹೇಳುವವರಿಗೆ ಏನಿದೆ? ಎರಡನೇ ಮಹಾಯುದ್ಧ ನಡೆದಷ್ಟು ಕಾಲವೂ ಅವಳು ಬಂದರಿನಲ್ಲಿ ಹಡಗು ಕಟ್ಟುವ ಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿದಳು. ಕರಿಯರಿಗೆಂದೇ ಬೇರೆ ಮಾಡಿಟ್ಟಿದ್ದ ಕಟ್ಟೆ ಅದು. ಬಿಳಿಯರ ಪಕ್ಕದಲ್ಲಿ ನಿಂತು ನಾವು ಬೆಸೆದರೆ ಅವರ ಕಬ್ಬಿಣ ಮೈಲಿಗೆಯಾಗುತ್ತಿತ್ತೇನೋ! ಕಿಡಿ ಹಾರಿ ಹಾರಿ ಅವಳ ಮೊಣಕೈವರೆಗೂ ಸಾಸಿವೆ ಕಾಳಿನಷ್ಟಷ್ಟು ಸುಟ್ಟ ಕಲೆಗಳು. ಅವನ್ನು ಮುಚ್ಚಲು ಅವಳು ಒಂದು ದಿನವೂ ಉದ್ದ ತೋಳಿನ ಅಂಗಿ ಹಾಕಲಿಲ್ಲ.

"ಇವೇ ನನ್ನ ಒಡವೆ ಕಣೇ ಕ್ಲಿಯೋಲಾ," ಅನ್ನುತ್ತಿದ್ದಳು ನನಗೆ. ನಾನು ಅವಳ ಚಿಕ್ಕಪ್ಪನ ಮಗಳು, ಪಕ್ಕದ ಮನೆಯವಳು.

ಯುದ್ಧ ಮುಗಿಯಿತು. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ? ನಮ್ಮ ಹೆಂಗಸರನ್ನೆಲ್ಲ ಮನೆಗೆ ಕಳಿಸಿದರು. ಮನೆಗೆ ಎಂದರೆ ನಮ್ಮ ಮನೆಗಲ್ಲ, ಬಿಳಿಯಮ್ಮಂದಿರ ಅಡುಗೆಮನೆಗೆ. ಕೆಲಸ ಹೋದವರಿಗೆ ಸರಕಾರ ಕೊಡುವ ಭತ್ಯೆ ಕೇಳಲು ಓಜೆಲ್ಲಾ ಹೋದರೆ, ಕಿಟಕಿಯ ಹಿಂದೆ ಕೂತವನು ತಲೆಯೆತ್ತಿ ನೋಡಲೂ ಇಲ್ಲ.

"ಗ್ಯಾಲೋವೇ ಅವರ ಮನೇಲಿ ಅಡುಗೆಯವಳು ಬೇಕಂತೆ. ಹೋಗು."

"ನಾನು ವೆಲ್ಡರ್ ಸಾರ್."

"ಯುದ್ಧದಲ್ಲಿ ಎಲ್ರೂ ಏನೇನೋ ಆಗಿದ್ರು. ಸಿಕ್ಕಿದ ಕೆಲಸ ಬೇಡ ಅಂದ್ರೆ ಭತ್ಯೆ ಇಲ್ಲ. ಮುಂದಿನವರು ಬನ್ನಿ."

ಆ ಮನೆಯಲ್ಲಿ ಅಡುಗೆಯವಳು ಇರಲಿಲ್ಲವೆಂದಲ್ಲ. ಓಜೆಲ್ಲಾಳ ಹೆತ್ತ ತಾಯಿ, ನನ್ನ ದೊಡ್ಡಮ್ಮ ಲುಟೀಶಾ, ಹುಡುಗಿಯಾಗಿದ್ದಾಗಿನಿಂದ ಅದೇ ಒಲೆಯ ಮುಂದೆ ನಿಂತವಳು. ಈಗ ಮಂಡಿಗಳು ಊದಿ ಮೆಟ್ಟಿಲು ಹತ್ತಲಾರದೆ ಒದ್ದಾಡುತ್ತಿದ್ದಳು. ಅದಕ್ಕೆ ಮಿಸೆಸ್ ಗ್ಯಾಲೋವೇ ಕಂಡುಕೊಂಡ ಔಷಧ, ತಾಯಿಯ ಜಾಗಕ್ಕೆ ಮಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನ್ನ ಹೊಟ್ಟೆ ಉರಿದದ್ದು ಅದಕ್ಕಲ್ಲ, ದೊಡ್ಡಮ್ಮನೂ ಅದಕ್ಕೆ ಹೂಂ ಎಂದಿದ್ದಕ್ಕೆ.

"ಹೋಗೇ ಓಜೆಲ್ಲಾ. ಆ ಮನೆ ರೊಟ್ಟಿ ತಿಂದು ಬೆಳೆದೋಳು ನೀನು."

"ರೊಟ್ಟಿ ಬೇಯಿಸಿದ್ದು ಯಾರಮ್ಮಾ? ನೀನು. ತಿಂದು ಮಿಕ್ಕಿದ್ದನ್ನ ಕೊಟ್ಟೋರು ಅವರು."

"ನಾನು ಬಾಯಿ ಮುಚ್ಕೊಂಡಿದ್ದಕ್ಕೇ ನಿನ್ನ ಹೊಟ್ಟೆ ತುಂಬಿದ್ದು, ತಿಳ್ಕೋ."

"ತಿಳ್ಕೊಂಡಿದೀನಿ. ಆದ್ರೆ ಆ ಏಪ್ರನ್ ಕಟ್ಟಿದ ದಿನ ನಿನ್ ಮಗಳು ಸತ್ತಳು ಅಂತ ಇಟ್ಕೋ."

ತಾಯಿ ಮಗಳು ಒಂದೇ ಮೇಜಿನಲ್ಲಿ ಕೂತು ಮುಖ ತಿರುಗಿಸಿಕೊಂಡು ಉಣ್ಣತೊಡಗಿದರು. ಭತ್ಯೆ ಕೊನೆಗೂ ಬರಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಮುಂದೆ ಓಜೆಲ್ಲಾ ನಮ್ಮವರದೇ ಒಂದು ಗ್ಯಾರೇಜಿನಲ್ಲಿ ಮುರಿದ ಬಂಪರು, ನೇಗಿಲು, ಮಂಚದ ಕಬ್ಬಿಣ ಬೆಸೆದು ಬದುಕಿದಳು. ಹಸಿವೂ ಕಂಡಳು, ನಕ್ಕಳೂ ಸಹ. ಆದರೆ ಆಗಸ್ಟ್‌ನ ಆ ಭಾನುವಾರ ನಮಗೆ ಇದು ಯಾವುದೂ ಗೊತ್ತಿರಲಿಲ್ಲ.

ನಮ್ಮ ಚರ್ಚಿನಲ್ಲಿ ಓಜೆಲ್ಲಾ ಬಾಗಿಲಲ್ಲಿ ನಿಲ್ಲುವವಳು. ಬಿಳಿ ಉಡುಪು, ಬಿಳಿ ಕೈಗವಸು. ಯಾರು ಎಲ್ಲಿ ಕೂರಬೇಕೆಂದು ಹೇಳುವುದು ಅವಳ ಕೈ, ಬಾಯಲ್ಲ. ಪ್ರಾರ್ಥನೆಯ ಹೊತ್ತಿಗೆ ಅವಳು ಅಂಗೈ ಎತ್ತಿದರೆ ಗವರ್ನರೇ ಬಂದರೂ ಹೊಸಿಲಲ್ಲಿ ಕಾಯಬೇಕು. ಆ ದಿನ ಬಂದವಳು ಮಿಸೆಸ್ ಗ್ಯಾಲೋವೇ, ಗರಿಯ ಟೋಪಿ ಇಟ್ಟುಕೊಂಡು. ನಮ್ಮ ಪಾಸ್ಟರ್ ಟಾಲಿವರ್ ಅವರಿಗೆ ಅವಳು ಮೊದಲೇ ಹೇಳಿ ಕಳಿಸಿದ್ದಳು: ಹೆಂಗಸರೆಲ್ಲ ತಮ್ಮ ತಮ್ಮ ಹಳೆಯ ಕೆಲಸಕ್ಕೆ ಹೋಗಲಿ ಎಂದು ವೇದಿಕೆಯ ಮೇಲಿಂದ ಬುದ್ಧಿ ಹೇಳಬೇಕು. ಪಾಸ್ಟರ್ ಕೆಟ್ಟವರಲ್ಲ. ಇಲ್ಲ ಎಂದರೆ ಚರ್ಚಿಗೆ ಯಾವತ್ತು ಬೆಂಕಿ ಬೀಳುತ್ತದೋ ಎಂಬ ಭಯ ಅವರಿಗೆ. ಆ ಭಯ ಸುಳ್ಳೂ ಅಲ್ಲ. ಪಾಸ್ಟರ್ ಬಾಯಿಂದಲೇ ಆ ಮಾತು ಬಂದರೆ ಓಜೆಲ್ಲಾ ತಲೆಯೆತ್ತಿಕೊಂಡು ಊರಲ್ಲಿ ಇರುವುದಾದರೂ ಹೇಗೆ?

ಬಿಳಿಯರು ನಮ್ಮ ಚರ್ಚಿಗೆ ಬರುವುದು ಯಾರಾದರೂ ಸತ್ತಾಗ, ಮಣ್ಣಿಗೆ ಮಾತ್ರ. ಬಂದರೆ ಮುಂದಿನ ಸಾಲು ಅವರಿಗೇ ಮೀಸಲು. ಮಿಸೆಸ್ ಗ್ಯಾಲೋವೇ ಅದೇ ಗತ್ತಿನಲ್ಲಿ ನೆಟ್ಟಗೆ ಮುಂದಿನ ಬೆಂಚಿಗೆ ನಡೆದಳು. ಅಯ್ಯೋ, ಅದು ಉಜ್ಜೀವನ ಕೂಟದ ವಾರ! ಆ ವಾರ ಮುಂದಿನ ಬೆಂಚು ಅಳುವವರ ಬೆಂಚು. ಇನ್ನೂ ದೇವರ ದಾರಿಗೆ ಬಾರದ ಪಾಪಿಗಳು ಅಲ್ಲಿ ಕೂರುತ್ತಾರೆ. ಚರ್ಚಿನ ಹಿರಿಯ ತಾಯಂದಿರು ಸುತ್ತುವರಿದು ಪ್ರಾರ್ಥಿಸುತ್ತಾರೆ. ಕೂತವರು ಬಾಯಿಬಿಟ್ಟು ತಮ್ಮ ಎದೆಯ ಭಾರ ಹೇಳುವ ತನಕ ಬಿಡುವುದಿಲ್ಲ. ಅಲ್ಲಿ ಪಾಸ್ಟರೂ ಬಾಯಿ ಹಾಕುವ ಹಾಗಿಲ್ಲ.

ತಡೆಯಬೇಕಾದ್ದು ಓಜೆಲ್ಲಾಳ ಕೆಲಸ. ಅವಳ ಕೈ ಮೇಲೆ ಹೋದದ್ದನ್ನು ನಾನು ಗಾಯಕರ ಸಾಲಿನಿಂದ ನೋಡಿದೆ. ಅರ್ಧಕ್ಕೆ ನಿಂತ ಕೈ ನಿಧಾನವಾಗಿ ತಿರುಗಿ, ಬನ್ನಿ ಅಮ್ಮಾ, ಅಲ್ಲೇ ಕೂರಿ ಎಂದು ದಾರಿ ತೋರಿಸಿತು. ನಗು ತಡೆಯಲಾಗದೆ ನಾನು ಹಾಡಿನ ಪುಸ್ತಕವನ್ನು ಮುಖಕ್ಕೆ ಹಿಡಿದೆ. ಪಾಸ್ಟರ್ ಬೆವರು ಒರೆಸಿಕೊಂಡರು.

ತಾಯಂದಿರು ಎದ್ದು ಬಂದರು. ಎಲ್ಲರಿಗಿಂತ ಹಿರಿಯಳು ಲುಟೀಶಾ. ಪ್ರಶ್ನೆ ಕೇಳಬೇಕಾದವಳು ಅವಳೇ. ಕೋಲೂರಿಕೊಂಡು ಬಂದು ಪದ್ಧತಿಯಂತೆ ತಲೆಯ ಮೇಲೆ, ಅಂದರೆ ಆ ಗರಿಯ ಟೋಪಿಯ ಮೇಲೆ, ಕೈ ಇಟ್ಟಳು. ಬೆಂಚಿನಲ್ಲಿ ಕೂತವರು ಯಾರೇ ಆದರೂ 'ಮಗಳೇ' ಎಂದು ಕರೆಯುವುದು ವಾಡಿಕೆ. ದೊಡ್ಡಮ್ಮನಿಗೆ ನಾಲಗೆ ಹೊರಳಲಿಲ್ಲ.

"ಅಮ್ಮಾವ್ರೇ... ನಿಮ್ಮ ಎದೇಲಿ ಏನು ಭಾರ ಇದೆ, ಹೇಳಿ."

"ಇದೇನು ಲುಟೀಶಾ, ಕೈ ತೆಗಿ! ಪಾಸ್ಟರ್ ಮಾತಾಡ್ತಾರೆ ಅಂದಿದ್ರಲ್ಲ?"

"ಈ ಬೆಂಚಲ್ಲಿ ಕೂತೋರ ಮಾತನ್ನ ಇನ್ನೊಬ್ರು ಆಡೋ ಹಾಗಿಲ್ಲ," ಎಂದಳು ಓಜೆಲ್ಲಾ, ಬಾಗಿಲ ಬಳಿಯಿಂದಲೇ. "ನೀವೇ ಹೇಳ್ಬೇಕು."

"ಹೇಳ್ತೀನಿ, ನನಗೇನು ಭಯ? ಯುದ್ಧ ಮುಗೀತು. ಎಲ್ಲ ಮೊದಲಿನ ಹಾಗೇ ಇರೋಣ. ನಾಳೆ ಬೆಳಿಗ್ಗೆ ನೀನು ನನ್ನ ಅಡುಗೆಮನೇಲಿ ಇರ್ಬೇಕು."

ಸಾಲುಗಳಲ್ಲಿ ಬೀಸಣಿಗೆಗಳು ನಿಂತವು.

"ನಾನು ಬರಲ್ಲ," ಎಂದಳು ಓಜೆಲ್ಲಾ. "ಭತ್ಯೆ ತಪ್ಪಿಸ್ತೀರಾ, ತಪ್ಪಿಸಿ. ನಾನು ಬೆಸೆದ ಹಡಗಲ್ಲಿ ನಿಮ್ಮೋರ ಮಕ್ಕಳು ಸಮುದ್ರ ದಾಟಿದ್ರು. ಆಗ ಈ ಕೈ ಬೇಕಿತ್ತು. ಈಗ ಇದೇ ಕೈ ನಿಮ್ಮ ಬಾಣಲೆ ತಿಕ್ಕೋಕೆ ಮಾತ್ರ ಸಾಕಾ? ಬರಲ್ಲ ಅಂದ್ರೆ ಬರಲ್ಲ."

ಮಿಸೆಸ್ ಗ್ಯಾಲೋವೇಯ ಮುಖ ಕೆಂಪಡರಿತು.

"ಎಷ್ಟು ಸೊಕ್ಕು ನಿನಗೆ! ನಿನ್ನ ತಾಯಿ ಇಷ್ಟು ಕಾಲ ನನ್ನ ಮನೇಲಿ ಇದ್ದಳಲ್ಲ, ಒಂದು ದಿನ ಕಷ್ಟ ಅಂದವಳಲ್ಲ. ಬೇಕಾದ್ರೆ ಅವಳನ್ನೇ ಕೇಳು!"

ಓಜೆಲ್ಲಾ ಕೇಳಲಿಲ್ಲ. ತಾಯಿಯ ಕಡೆ ನೋಡಲೂ ಹೆದರಿದ್ದೆ ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ನಾನು ನೋಡಿದೆ. ದೊಡ್ಡಮ್ಮ ಟೋಪಿಯ ಮೇಲಿನ ಕೈ ತೆಗೆದಿರಲಿಲ್ಲ.

"ಮಗಳೇ," ಎಂದಳು ಲುಟೀಶಾ.

ಮಿಸೆಸ್ ಗ್ಯಾಲೋವೇ ಬೆಚ್ಚಿ ತಲೆಯೆತ್ತಿದಳು.

"ಕಷ್ಟ ಅಂತ ನಾನು ಹೇಳಿಲ್ಲ, ನಿಜ. ನೀನು ಯಾವತ್ತು ಕೇಳ್ದೆ? ನಾಳೆಯಿಂದ ನಾನೂ ಬರಲ್ಲ. ಈಗ ತಲೆ ಬಗ್ಗಿಸು, ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ."

ಸುತ್ತ ತಾಯಂದಿರು ಅಲುಗದೆ ನಿಂತಿದ್ದರು. ಎದ್ದು ಹೋಗಲು ದಾರಿ ಇರಲಿಲ್ಲ. ಮಿಸೆಸ್ ಗ್ಯಾಲೋವೇ ತಲೆ ಬಗ್ಗಿಸಿದಳು.