ನಿಲ್ಲು ಎಂದ ಕೈ

ಹನೂರಿನ ನಮ್ಮ ಅರಣ್ಯ ಕಚೇರಿಯ ಹಿಂದೆ ಒಂದು ನರ್ಸರಿ ಇದೆ. ಅಲ್ಲಿ ಈಗ ಸಸಿಗಳಿಗೆ ನೀರು ಬಿಡುವವನು ಮಾದಸ್ವಾಮಿ. ಅರ್ಧ ಆಯುಷ್ಯ ಕಾಡು ಕಾದ ವಾಚರ್ ಅವನು. ಕಾಡಿಗೆ ಕಳಿಸಿ ಎಂದು ಅವನೂ ಕೇಳುವುದಿಲ್ಲ, ಹೋಗು ಎಂದು ಸಾಹೇಬರೂ ಹೇಳುವುದಿಲ್ಲ. ಯಾರೊಂದಿಗೂ ಅವನು ಮಾತಾಡುವುದಿಲ್ಲ, ಹೊಸದಾಗಿ ಬಂದ ಹುಡುಗರು ಅವನನ್ನು ಮೂಗ ಎಂದುಕೊಂಡು ಕೈಬಾಯಿ ಆಡಿಸಿ ಮಾತಾಡಿಸುತ್ತಾರೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ರಾಜಣ್ಣ, ಇಲಾಖೆಯ ಜೀಪು ಓಡಿಸುವವನು. ವಾಚರುಗಳನ್ನು ಕಾಡಿನ ಕ್ಯಾಂಪಿಗೆ ಬಿಟ್ಟು ಮತ್ತೆ ಕರೆತರುವುದೇ ನನ್ನ ಕೆಲಸ, ಹಾಗಾಗಿ ಮಾದಸ್ವಾಮಿ ಎಂಥವನು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಕಾಡು ಸುತ್ತುವವರು ಕೂಗುವುದಿಲ್ಲ. ನಮ್ಮಲ್ಲಿ ಲಂಟಾನದ ಪೊದೆ ಆಳೆತ್ತರ ದಾಟಿ ಬೆಳೆದಿದೆ, ಅದರ ಹಿಂದೆ ಆನೆ ನಿಂತಿದ್ದರೆ ಬಾಲವೂ ಕಾಣದು. ಕೂಗಿದರೆ ಸದ್ದಿನ ಮೇಲೇ ಬರುತ್ತದೆ, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಅದಕ್ಕೇ ಎಲ್ಲಕ್ಕೂ ಕೈಸನ್ನೆ. ಒಬ್ಬ ಅಂಗೈ ಎತ್ತಿ ಹಿಡಿದರೆ ಇನ್ನೊಬ್ಬ ನಿಂತಲ್ಲೇ ನಿಲ್ಲಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ, ಕಾಲು ಕದಲಿಸುವ ಹಾಗೂ ಇಲ್ಲ.

ಮಾರ್ಟಳ್ಳಿಯ ಸ್ವಾಮಿ ಮಾದಸ್ವಾಮಿಯ ಜೊತೆಗಾರ. ವಯಸ್ಸಿನಲ್ಲಿ ಬಹಳ ಚಿಕ್ಕವನು, ಬಾಯಿ ಮಾತ್ರ ವಟವಟ, ಅರ್ಧ ತಮಿಳು ಅರ್ಧ ಕನ್ನಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳ ದಾಟುವಾಗ ಮಾದಸ್ವಾಮಿ ಇದ್ದಕ್ಕಿದ್ದಂತೆ ಕೈ ಎತ್ತಿದನಂತೆ. ಸ್ವಾಮಿ ಒಂದು ಕಾಲು ನೀರಲ್ಲಿ, ಒಂದು ಕಾಲು ಕಲ್ಲಿನ ಮೇಲೆ ಇಟ್ಟುಕೊಂಡು ಹಾಗೇ ನಿಂತ. ಒಂಟಿ ಸಲಗ ಅವನ ಪಕ್ಕದಲ್ಲೇ ಹಾದು ನೀರು ಕುಡಿದು ಹೋಯಿತು. ಆಮೇಲೆ ಜೀಪು ಹತ್ತಿದವನು ನಡುಗುತ್ತಲೇ ನಗುತ್ತಿದ್ದ. "ರಾಜಣ್ಣೋ, ಇನ್ಮ್ಯಾಲೆ ಅಣ್ಣನ ಕೈ ಎದ್ರೆ ನಾನು ಮರ ಆಗ್ಬುಡ್ತೀನಿ ಕಣಣ್ಣ!" ಅಂದ. ಹಾಗೇ ನಡೆದುಕೊಂಡ ಕೂಡ.

ಮಾದಸ್ವಾಮಿಯ ಹೆಂಡತಿ ಚಿಕ್ಕಮಾದಮ್ಮ ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಿಲ್ಲ. ಕ್ಯಾಂಪಿನಿಂದ ರಜೆಗೆ ಇಳಿದರೆ ಅವನು ಹೋಗುತ್ತಿದ್ದುದು ಸ್ವಾಮಿಯ ಮನೆಗೆ. ಸ್ವಾಮಿಯ ಹೆಂಡತಿ ರೂಪ ಇವನಿಗೆ ಅಂತಲೇ ಉಪ್ಪು ಸಾರು ಮಾಡಿ ಮುದ್ದೆ ತೊಳಸುತ್ತಿದ್ದಳು. ಮಗಳು ಮೀನಾಗೆ ಇವನು ದೊಡ್ಡಪ್ಪ. ಅವಳ ಸ್ಕೂಲಿನ ಕಾರ್ಡಿನಲ್ಲಿ ಅಪ್ಪನ ನಂಬರಿನ ಕೆಳಗೆ ಇದ್ದುದು ಮಾದಸ್ವಾಮಿಯ ನಂಬರು. ಅವನಿಗೆ ಈ ಲೋಕದಲ್ಲಿ ಇದ್ದ ಮನೆ ಅದೊಂದೇ.

ಹೋದ ವರ್ಷ, ಕಾಡಿಗೆ ಬೆಂಕಿ ಬೀಳುವ ಕಾಲ ಶುರುವಾಗುವ ಮುಂಚೆ, ಸಾಹೇಬರು ವಾಚರುಗಳನ್ನೆಲ್ಲ ಸಮುದ್ರದ ಕಡೆ ಕರೆದುಕೊಂಡು ಹೊರಟರು. ಅಲ್ಲಿ ಆಮೆ ಮೊಟ್ಟೆ ಇಡುವ ದಂಡೆ ಇದೆ, ಅದನ್ನು ಹೇಗೆ ಕಾಯುತ್ತಾರೆ ನೋಡಿ, ಹಾಗೇ ಎರಡು ದಿನ ಟೆಂಟು ಹಾಕಿಕೊಂಡು ಆರಾಮಾಗಿರಿ ಅಂದರು. ಟೂರು ಎಂದರೆ ನನಗೆ ಆಗದು. ಎಲ್ಲರೂ ಹಾಡು ಹೇಳುತ್ತಾರೆ, ಸ್ಟೇರಿಂಗು ಹಿಡಿಯುವವನು ಒಬ್ಬನೇ. ಆದರೆ ಇವರ ಮುಖ ನೋಡಿ ನಾನೂ ಸುಮ್ಮನಾದೆ. ಒಬ್ಬನೂ ಸಮುದ್ರ ನೋಡಿದವನಲ್ಲ.

ಹೊರಡುವ ದಿನ ರೂಪ ಹುರಿಗಾಳು ಕಟ್ಟಿಕೊಟ್ಟು ಮಾದಸ್ವಾಮಿಗೆ ಹೇಳಿದಳು, "ಅಣ್ಣ, ನೀರು ಕಂಡ್ರೆ ಇವ್ರು ಬುಡಾಕಿಲ್ಲ. ನೀವು ಒಸಿ ಕಣ್ಣಿಟ್ಟಿರಿ."

"ನಾನಿಲ್ವಾ, ಬುಡವ್ವ," ಅಂದ ಮಾದಸ್ವಾಮಿ.

ಹೊನ್ನಾವರ ದಾಟಿ ಒಂದು ಸಣ್ಣ ಊರು. ಗಾಳಿಮರಗಳ ಕೆಳಗೆ ಟೆಂಟು ಹೊಡೆದೆವು. ಅವತ್ತು ಸಂಜೆ ಅಲ್ಲಿಯವರು ಬುಟ್ಟಿಯಲ್ಲಿ ಆಮೆಮರಿಗಳನ್ನು ತಂದು ಮರಳಿನ ಮೇಲೆ ಬಿಟ್ಟರು. ಬೆಂಕಿಪೊಟ್ಟಣದಷ್ಟಿದ್ದವು. ಬಿದ್ದು ಎದ್ದು ನೀರಿನ ಕಡೆಗೆ ಹೋಗುವುದನ್ನು ನೋಡಿ, ಆನೆಗೆ ಹೆದರದ ಈ ಗಂಡಸರು ಉಸಿರು ಬಿಗಿಹಿಡಿದು ಕೂತಿದ್ದರು. ಸ್ವಾಮಿ ವಿಡಿಯೋ ಮಾಡಿ ಮಗಳಿಗೆ ಕಳಿಸಿದ. "ಇವುಕ್ಕೆ ಅವ್ವ ಎಲ್ಲಿ ಅಂತ ಕೇಳ್ತಾವ್ಳೆ ಮೀನಾ. ದೊಡ್ಡ ಆಮೆ ಒಂದ್ನ ತೋರಿಸ್ಬೇಕಲ್ಲಣ್ಣ," ಅಂತ ಮಾದಸ್ವಾಮಿಯ ಬೆನ್ನು ಹತ್ತಿದ. ದೊಡ್ಡವು ನೀರಿನಲ್ಲೇ ಇರುತ್ತವೆ, ಉಸಿರಿಗೆ ಮಾತ್ರ ತಲೆ ಎತ್ತುತ್ತವೆ ಎಂದು ಅಲ್ಲಿಯವರು ಹೇಳಿದರು.

ಮಾರನೆಯ ಬೆಳಿಗ್ಗೆ ನಾನು ಮರಗಳ ಹತ್ತಿರ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಉಳಿದವರು ಊರೊಳಗೆ ಟೀ ಕುಡಿಯಲು ಹೋಗಿದ್ದರು. ದಂಡೆಯಲ್ಲಿ ಇದ್ದವರು ಸ್ವಾಮಿ, ಮಾದಸ್ವಾಮಿ ಇಬ್ಬರೇ. ಸ್ವಾಮಿ ಮೊಣಕಾಲುದ್ದ ನೀರಿನಲ್ಲಿ ಮುಖ ತೊಳೆಯುತ್ತಿದ್ದವನು ತಟಕ್ಕನೆ ಬಗ್ಗಿದ. ಸ್ವಲ್ಪ ಆಚೆ ನೀರಿನ ಮೇಲೆ ಕಪ್ಪಗೆ ಒಂದು ತಲೆ ಎದ್ದು ಮುಳುಗಿತು. ಕಾಡಿನಲ್ಲಿ ಪ್ರಾಣಿಯ ಹತ್ತಿರ ಸರಿಯುವ ಹಾಗೆಯೇ, ಸದ್ದು ಮಾಡದೆ, ಮೊಬೈಲು ಮೇಲಕ್ಕೆ ಹಿಡಿದುಕೊಂಡು ಹೆಜ್ಜೆ ಹೆಜ್ಜೆಯಾಗಿ ಒಳಕ್ಕೆ ಹೋದ. ನೀರು ಸೊಂಟಕ್ಕೆ ಬಂತು. ಆಗ ಅವನು ಮಾಡಿದ್ದು ಯಾವಾಗಲೂ ಮಾಡುತ್ತಿದ್ದುದನ್ನೇ. ಪ್ರಾಣಿ ಹತ್ತಿರವಾದ ಮೇಲೆ ಹಿಂದಿರುಗಿ ಅಣ್ಣನ ಮುಖ ನೋಡಿದ.

ಅವನ ಬೆನ್ನ ಹಿಂದೆ ದೊಡ್ಡ ಅಲೆ ಏಳುತ್ತಿತ್ತು. ಅದು ಮಾದಸ್ವಾಮಿಗೆ ಕಂಡಿತು. ಅಪಾಯ ಕಂಡರೆ ಅವನ ಮೈಗೆ ಗೊತ್ತಿದ್ದುದು ಒಂದೇ. ಅವನು ಕೂಗಲಿಲ್ಲ. ಅಂಗೈ ಎತ್ತಿ ಹಿಡಿದ.

ಸ್ವಾಮಿ ನಿಂತುಬಿಟ್ಟ.

ದಂಡೆಯ ಕಡೆಗೆ ನಾಲ್ಕು ಹೆಜ್ಜೆ ಓಡಿ ಬಂದಿದ್ದರೆ ಉಳಿಯುತ್ತಿದ್ದ. ಓಡಲಿಲ್ಲ. ಅಲೆಯ ಸದ್ದು ಕೇಳಿಸಿರಬೇಕು, ತಿರುಗಿಯೂ ನೋಡಲಿಲ್ಲ. ಎತ್ತಿದ ಕೈಯನ್ನೇ ನೋಡುತ್ತ ಕಂಬದ ಹಾಗೆ ನಿಂತ. ನಾನು ಸಟ್ಟುಗ ಬಿಸಾಡಿ "ಓಡ್ಲಾ ಸ್ವಾಮೀ" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಅಷ್ಟು ದೂರಕ್ಕೆ ನನ್ನ ದನಿ ಎಲ್ಲಿ ಮುಟ್ಟಬೇಕು? ಅಲೆ ಬಡಿದು, ಹಿಂದಕ್ಕೆ ಹೋಗುವಾಗ ಅವನ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಯಿತು. ಸ್ವಾಮಿಗೆ ಈಜು ಬರುತ್ತಿತ್ತು, ಬಾವಿಯ ಈಜು. ಮಾದಸ್ವಾಮಿ ಬಟ್ಟೆಯಲ್ಲೇ ನೀರಿಗೆ ನುಗ್ಗಿದ. ಅವನನ್ನು ಊರಿನ ಕಡೆಯಿಂದ ಓಡಿಬಂದ ಮೀನುಗಾರರು ಕೂದಲು ಹಿಡಿದು ದಂಡೆಗೆ ಎಳೆದು ಹಾಕಿದರು. ಸ್ವಾಮಿಯನ್ನು ದೋಣಿಯವರು ಮಧ್ಯಾಹ್ನದ ಹೊತ್ತಿಗೆ ತಂದು ಮರಳಿನ ಮೇಲೆ ಮಲಗಿಸಿದರು.

ಅಲೆ ಎಳೆದುಕೊಂಡು ಹೋಯಿತು ಎಂದು ಪೊಲೀಸರು ಬರೆದುಕೊಂಡರು. ಸುಳ್ಳೇನಲ್ಲ. ಕೈಯ ವಿಷಯ ಗೊತ್ತಿದ್ದುದು ನನಗೆ ಮತ್ತು ಮಾದಸ್ವಾಮಿಗೆ, ಆಮೇಲೆ ಅವನೇ ಹೇಳಿಕೊಂಡು ಅತ್ತದ್ದರಿಂದ ಹಿರಿಯ ವಾಚರ್ ಕೆಂಪನಂಜಪ್ಪನಿಗೆ.

ಮಾರ್ಟಳ್ಳಿಯ ಮನೆಯಲ್ಲಿ ಆ ದಿನಗಳಲ್ಲಿ ಎಲ್ಲಕ್ಕೂ ಓಡಾಡಿದವನು ಮಾದಸ್ವಾಮಿ. ನೀರು ಹೊತ್ತ, ನೆಂಟರಿಗೆ ಚಾಪೆ ಹಾಸಿದ, ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡು ಅಂಗಳದಲ್ಲಿ ತಿರುಗಿದ. ಬಂದವರಿಗೆಲ್ಲ ರೂಪ ಹೇಳುತ್ತಿದ್ದಳು, "ನಮ್ಮಣ್ಣ ಅಲ್ಲೇ ಇದ್ರಂತೆ. ಅವ್ರ ಕೈಲಾದದ್ದೆಲ್ಲ ಮಾಡವ್ರೆ." ಆ ಮಾತು ಕೇಳಿದಾಗಲೆಲ್ಲ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದ.

ತಿಥಿಯ ಹಿಂದಿನ ದಿನ, ರೂಪಳಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ಹೊರಟ ಅವನನ್ನು ಕೆಂಪನಂಜಪ್ಪ ಕೂರಿಸಿಕೊಂಡು ಬೈದ. "ಏಳ್ಬೇಡ ಕಣ್ಲಾ. ಏಳಿದ್ರೆ ಸತ್ತೋದವ್ನು ಬತ್ತಾನಾ? ಆ ಎಣ್ಣುಮಗ್ಳಿಗೆ ನೀನೊಬ್ಬ ದಿಕ್ಕಾಗಿದ್ದೀಯೆ. ಅದ್ನೂ ಕಿತ್ಕೊಂಡ್ಬುಡ್ಬೇಡ."

"ಅವ್ಳು ನನ್ನ ಅಣ್ಣ ಅಂತಾಳೆ. ಅವ್ಳಿಗೆ ಗೊತ್ತಿಲ್ಲ," ಅಂದ ಮಾದಸ್ವಾಮಿ.

ನಾನೂ ಹೇಳಿದೆ, ಬಾಯಿ ಮುಚ್ಚಿಕೊಂಡಿರು ಎಂದು. ಈಗಲೂ ನನ್ನ ಲೆಕ್ಕದಲ್ಲಿ ಅದೇ ಸರಿ. ಸತ್ಯ ಹೇಳಿ ಯಾವ ಮನೆ ಉದ್ಧಾರವಾಯಿತು? ಆದರೆ ಅವನು ನನ್ನ ಮಾತು ಕೇಳುವ ಜಾತಿಯಲ್ಲ.

ತಿಥಿಯ ದಿನ ಎಡೆ ಇಟ್ಟಾದ ಮೇಲೆ, ಊಟಕ್ಕೆ ಎಲೆ ಹಾಕುತ್ತಿದ್ದರು. ರೂಪ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮಾದಸ್ವಾಮಿ ಅವಳ ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದ. ಅಲೆ ಕಂಡದ್ದು, ಕೂಗದೆ ಇದ್ದದ್ದು, ಕೈ ಎತ್ತಿದ್ದು. ಒಂದನ್ನೂ ಬಿಡಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಅವಳು ಅಳಲಿಲ್ಲ. ಕೇಳಿದಳು, "ನೀವು ಕೈ ಎತ್ತಿದ್ದು ಅವ್ರು ನೋಡಿದ್ರಾ?"

"ನೋಡ್ದ ಕಣವ್ವ. ನೋಡ್ತಾನೇ ಇದ್ದ."

"ಅಲೆ ಬಡಿಯಗಂಟ?"

"ಊಂ."

"ಅಂಗಾರೆ ಎದುರ್ಕಂಡಿರಾಕಿಲ್ಲ ಬುಡಿ. ಅಣ್ಣ ಅವ್ನೆ, ಏನೂ ಆಗಲ್ಲ ಅಂದ್ಕಂಡೇ ಓಗಿರ್ತಾರೆ."

ಇಷ್ಟಕ್ಕೇ ಮುಗಿಯಿತು, ಅವಳು ಹೊಟ್ಟೆಗೆ ಹಾಕಿಕೊಂಡಳು ಎಂದು ನಾನು ಉಸಿರು ಬಿಟ್ಟೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದಳು.

"ನಿಮ್ದು ತೆಪ್ಪಿಲ್ಲ ಅಣ್ಣ. ನಂಗೊತ್ತು. ಆದ್ರೂ ಇನ್ಮ್ಯಾಲೆ ಈ ಮನೆಗೆ ಬರ್ಬೇಡಿ. ನೀವು ತಟ್ಟೆಗೆ ಕೈ ನೀಡಿದ್ರೆ ನಂಗೆ ಮುದ್ದೆ ಇಕ್ಕಾಕಾಗಲ್ಲ."

"ಆಯ್ತು ಕಣವ್ವ," ಅಂದು ಅವನು ಎದ್ದ.

ಒಳಗೆ ಅವನಿಗೂ ಎಲೆ ಹಾಕಿ ನೀರು ಚಿಮುಕಿಸಿದ್ದರು. ಮೀನಾ ಅದರ ಪಕ್ಕದ ಎಲೆಯಲ್ಲಿ ಕೂತು, ದೊಡ್ಡಪ್ಪ ಬರಲಿ ಎಂದು ಉಣ್ಣದೆ ಕಾಯುತ್ತಿದ್ದಳು. ಅವನು ಆ ಕಡೆ ನೋಡದೆ ಮೆಟ್ಟಿಲಿಳಿದು ಜೀಪು ಹತ್ತಿದ.